ಆರ್‌ಸಿ (ರಿಮೋಟ್) ಕಾರ್ 110 ಕಿಮೀ ಸ್ಪೀಡ್ ದಾಟ್ತಿದ್ದ ಹಾಗೆ ಮೂತಿ ಏಳ್ತಿದೆ, 160 ಮುಟ್ಟೋಕೆ ಬಾಡಿ ಹೇಗೆ ಮಾಡ್ಲಿ?

ತುಮಕೂರು_ಥ್ರಾಟಲ್:

ನಮಸ್ಕಾರ ಎಲ್ರಿಗೂ. ಸ್ಪೀಡ್ ರನ್‌ಗೆ ಅಂತಾನೇ ಒಂದು ಕಾರ್ ಕಟ್ತಾ ಇದೀನಿ, ಗೊತ್ತಿರೋರು ಸ್ವಲ್ಪ ದಾರಿ ಹೇಳಿ. ಚಾಸಿ 1/8 ಸ್ಕೇಲ್, ಫೋರ್ ವೀಲ್ ಡ್ರೈವ್, 2050 ಕೆವಿ (ಒಂದು ವೋಲ್ಟಿಗೆ 2050 ಆರ್‌ಪಿಎಂ) ಬ್ರಷ್‌ಲೆಸ್ ಮೋಟಾರ್, 150 ಆಂಪ್ ಇಎಸ್‌ಸಿ (ಮೋಟಾರ್ ಸ್ಪೀಡ್ ಕಂಟ್ರೋಲರ್), 6ಎಸ್ ಲಿಪೋ (ಆರು ಸೆಲ್ ಬ್ಯಾಟರಿ, 22 ವೋಲ್ಟ್ ಚಿಲ್ರೆ). ಗೇರ್ ಹಲ್ಲು ಹೇಳೋದಾದ್ರೆ ಡಿಫ್ (ಚಕ್ರದ ಕಡೆ ಗೇರ್) 43/13, ಪಿನಿಯನ್ (ಮೋಟಾರ್ ಶಾಫ್ಟಿನ ಚಿಕ್ಕ ಗೇರ್) 21, ಅದು ತಿರುಗಿಸೋ ಸ್ಪರ್ (ದೊಡ್ಡ ಗೇರ್) 46. ಟೈರ್ ಕಿಟ್ ಜೊತೆ ಬಂದಿದ್ದ ರಬ್ಬರ್‌ದೇ, 100 ಎಂಎಂ. ಬ್ಯಾಟರಿ ಸೇರಿ ತೂಕ ಹತ್ರತ್ರ 5 ಕೆಜಿ.

ಜಿಪಿಎಸ್ ಇಟ್ಟು ನೋಡಿದ್ರೆ 110-112 ಬರ್ತಿದೆ, ಅದರ ಮೇಲೆ ಹೋಗಲ್ಲ. ಅದಕ್ಕಿಂತ ದೊಡ್ಡ ತಲೆನೋವು ಅಂದ್ರೆ ಆ ಸ್ಪೀಡಲ್ಲಿ ಸ್ಟೀರಿಂಗ್ ಕೊಟ್ರೆ ಕಾರ್ ಕೇಳ್ತಾನೇ ಇಲ್ಲ, ಮೊಬೈಲಲ್ಲಿ ಸ್ಲೋ ಮೋಷನ್ ತೆಗೆದು ನೋಡಿದ್ರೆ ಮುಂದಿನ ಚಕ್ರ ರೋಡ್ ಬಿಟ್ಟು ಮೇಲೆ ಇರೋದು ಕಾಣುತ್ತೆ. ಈಗಿರೋದು ಟ್ರಗ್ಗಿ (ಬಗ್ಗಿ-ಟ್ರಕ್ ಮಿಶ್ರ) ಬಾಡಿ, ಹಿಂದೆ ದೊಡ್ಡ ವಿಂಗ್. ನನ್ನ ಗುರಿ 160, ಅಂದ್ರೆ 100 ಮೈಲಿ. 8ಎಸ್‌ಗೆ ಹೋಗಿ ಮೋಟಾರ್ ದೊಡ್ಡದು ಹಾಕ್ಲಾ, ಇಲ್ಲ ಮೊದಲು ಬಾಡಿ ಮಾಡ್ಲಾ? ಬಾಡಿ ಆದ್ರೆ ಥರ್ಮಾಕೋಲ್ ಕೆತ್ತಿ ಮೇಲೆ ಫೈಬರ್ ಹಾಕೋ ಯೋಚನೆ ಇದೆ. ಎರಡೂ ಒಟ್ಟಿಗೆ ಮಾಡೋಷ್ಟು ದುಡ್ಡಿಲ್ಲ.

ಏರೋ_ಮೈಸೂರು:

ಮೊದಲು ಬಾಡಿ, ಕಣ್ಮುಚ್ಕೊಂಡು ಹೇಳ್ತೀನಿ. 8ಎಸ್ ಬೇಡ. ನಿಮ್ಮ ಕಾರ್ 110ಕ್ಕೆ ನಿಂತಿರೋದು ಪವರ್ ಸಾಲ್ದೆ ಅಲ್ಲ, ಗೇರಿಂಗ್ ಅಲ್ಲಿಗೆ ಮುಗಿದಿದೆ ಅಷ್ಟೆ. ಲೆಕ್ಕ ಹಾಕಿ ನೋಡಿ, 46ನ್ನ 21ರಿಂದ ಭಾಗಿಸಿದ್ರೆ 2.19, ಡಿಫ್ 3.31, ಗುಣಿಸಿದ್ರೆ 7.25. 6ಎಸ್‌ನಲ್ಲಿ 2050 ಕೆವಿ ಅಂದ್ರೆ ಲೋಡ್ ಇಲ್ದೆ 45 ಸಾವಿರ ಆರ್‌ಪಿಎಂ, ಲೋಡ್ ಮೇಲೆ 43 ಸಾವಿರ ಇಟ್ಕೊಳ್ಳಿ, ಚಕ್ರಕ್ಕೆ ಸಿಗೋದು 5900 ಚಿಲ್ರೆ, 100 ಎಂಎಂ ಟೈರಿಗೆ ಅದು ಬರೋಬ್ಬರಿ ನಿಮ್ಮ 111-112. ಜಿಪಿಎಸ್ ಸರಿಯಾಗೇ ಹೇಳ್ತಿದೆ.

ಈಗ ಗಾಳಿ ವಿಷಯ. ತಡೆ ಏರೋದು ವೇಗದ ವರ್ಗಕ್ಕೆ, ಅದನ್ನ ತಳ್ಳೋಕೆ ಬೇಕಾದ ಪವರ್ ಏರೋದು ಘನಕ್ಕೆ. 110ರಿಂದ 160 ಅಂದ್ರೆ ವೇಗ ಒಂದೂವರೆ ಪಟ್ಟೂ ಆಗಿಲ್ಲ, ಪವರ್ ಮೂರು ಪಟ್ಟು ಬೇಕು. ಆದ್ರೂ 30 ಸೆಂ.ಮೀ ಅಗಲ, 10 ಸೆಂ.ಮೀ ಎತ್ತರದ ನುಣುಪಾದ ಬಾಡಿ, ಸಿಡಿ (ಆಕಾರದ ಗಾಳಿ ತಡೆ ಅಂಕ) 0.4 ಅಂತಿಟ್ಕೊಂಡ್ರೆ 160ರಲ್ಲಿ ಗಾಳಿಗೆ ಹೋಗೋದು 600 ವಾಟ್ ಒಳಗೆ, ನಿಮ್ಮ ಮೋಟಾರ್‌ಗೆ ಅದು ಆರಾಮ. ಅದೇ ಬಾಡಿ 325ಕ್ಕೆ ಹೋಗ್ಬೇಕು ಅಂದ್ರೆ ಗಾಳಿಗೇ 5000 ವಾಟ್ ಹತ್ರ ಕೇಳುತ್ತೆ. 325 ಯಾಕೆ ಹೇಳ್ದೆ ಅಂದ್ರೆ ಅಮೆರಿಕದ ನಿಕ್ ಕೇಸ್ 2014ರಲ್ಲಿ ಗಿನ್ನೆಸ್ ದಾಖಲೆ ಮಾಡಿದ್ದು 325.12 ಕಿಮೀ, ಅವರ ಆರ್‌ಸಿ ಬುಲೆಟ್ ಫೋಟೋ ಹುಡುಕಿ ನೋಡಿ, ಚಕ್ರ ಎಲ್ಲ ಬಾಡಿ ಒಳಗೆ, ಗಿಡ್ಡ, ಉದ್ದ, ತೆಳ್ಳಗೆ. ಅಲ್ಲಿ ಎದ್ದು ಕಾಣೋದು ಬಾಡಿನೇ.

ನಿಮ್ಮ ಅಸಲಿ ಸಮಸ್ಯೆ ತಡೆ ಅಲ್ಲ, ಲಿಫ್ಟ್, ಅಂದ್ರೆ ಗಾಳಿ ಕಾರನ್ನ ಮೇಲೆತ್ತೋದು. 160ರಲ್ಲಿ ಗಾಳಿ ಒತ್ತಡ ಚದರ ಮೀಟರಿಗೆ 1080 ನ್ಯೂಟನ್ ಆಸುಪಾಸು. ಕಾರಿನ ತಳ 0.2 ಚದರ ಮೀಟರ್ ಇದೆ ಅಂದ್ರೆ, ಆ ಒತ್ತಡ ಪೂರ್ತಿ ಕೆಳಗೆ ಸಿಕ್ಕಿಬಿದ್ರೆ 22 ಕೆಜಿ ತೂಕ ಎತ್ತೋಷ್ಟು ಬಲ. ನಿಮ್ಮ ಕಾರ್ 5 ಕೆಜಿ, ಅದರಲ್ಲಿ ಕಾಲು ಭಾಗ ಸಿಕ್ರೂ ಕಾರ್ ಹಾರುತ್ತೆ. ಮೂತಿ ಒಂದೆರಡು ಡಿಗ್ರಿ ಎದ್ದ ತಕ್ಷಣ ತಳ ಗಾಳಿಗೆ ಒಡ್ಡಿದ ಮೊರದ ಹಾಗೆ ಆಗ್ಬಿಡುತ್ತೆ, ಎದ್ದಷ್ಟೂ ಇನ್ನೂ ಗಾಳಿ ನುಗ್ಗುತ್ತೆ, ಆಮೇಲೆ ವಾಪಸ್ ಬರಲ್ಲ. 1999ರ ಫ್ರಾನ್ಸಿನ ಲೆ ಮಾನ್ಸ್ ರೇಸ್ ಟೈಮಲ್ಲಿ ಮರ್ಸಿಡಿಸ್ ಸಿಎಲ್‌ಆರ್ ಕಾರು ಒಂದೇ ವಾರದಲ್ಲಿ ಮೂರು ಸಲ ಹೀಗೇ ಗಾಳಿಗೆದ್ದು ಮಗುಚಿತು, ಅಂಥ ಕಂಪನಿ ಕಾರೇ ಹಾಗಾದ ಮೇಲೆ ನಮ್ಮ 5 ಕೆಜಿ ಯಾವ ಲೆಕ್ಕ. ಹಿಂದಿನ ಆ ದೊಡ್ಡ ವಿಂಗ್ ಬೇರೆ ಹಿಂದುಗಡೆನ ಒತ್ತಿ, ಹಿಂದಿನ ಆಕ್ಸಲ್ ಮೇಲೆ ಕಾರನ್ನ ತಿರುಗಿಸಿ ಮೂತಿನ ಎತ್ತಿಕೊಡ್ತಿದೆ, ಮೊದಲು ಅದನ್ನ ಕಿತ್ತಾಕಿ.

ಬಾಡಿ ಶೇಪ್ ಹೇಳೋದಾದ್ರೆ, ಮೂತಿ ತುದಿ ರೋಡಿಂದ 4-5 ಎಂಎಂ ಮೇಲಿರ್ಲಿ ಸಾಕು. ಮುಂದಿನ ರೈಡ್ ಹೈಟ್ (ರೋಡಿಂದ ಚಾಸಿ ಎತ್ತರ) ಹಿಂದಿಗಿಂತ 2 ಎಂಎಂ ಕಮ್ಮಿ. ಪಕ್ಕದ ಗೋಡೆ ಕೆಳಗಿನವರೆಗೂ ಬರ್ಲಿ, ಪಕ್ಕದಿಂದ ಗಾಳಿ ಒಳಗೆ ನುಗ್ಗಬಾರ್ದು. ಚಕ್ರ ಪೂರ್ತಿ ಮುಚ್ಚಿ, ಮುಂದೆ ಕೂಲಿಂಗ್‌ಗೆ ಅಂತ ತೂತು ಬಿಡ್ಬೇಡಿ, ಫುಲ್ ಥ್ರಾಟಲ್ ಕೆಲವೇ ಸೆಕೆಂಡು, ಮೋಟಾರ್ ಕಾಯೋ ಅಷ್ಟರಲ್ಲಿ ರನ್ ಮುಗಿದಿರುತ್ತೆ. ಹಿಂದೆ ಬಾಲ ಉದ್ದ ಬಿಟ್ಟು ಎರಡೂ ಬದಿಗೆ ನೆಟ್ಟಗೆ ಫಿನ್ (ಮೀನಿನ ರೆಕ್ಕೆ ಥರದ ತೆಳು ಹಲಗೆ) ಕೊಡಿ.

ಫಿನ್ ಎಷ್ಟು ದೊಡ್ಡದಿರ್ಬೇಕು ಅಂತ ನೋಡೋಕೆ ಸುಲಭದ ದಾರಿ ಇದೆ. ಬಾಡಿನ ಪಕ್ಕದಿಂದ ನೋಡಿದ್ರೆ ಕಾಣೋ ಆಕಾರನ ಅದೇ ಸೈಜಿಗೆ ರಟ್ಟಲ್ಲಿ ಕತ್ತರಿಸಿ, ಸ್ಕೇಲ್ ಅಂಚಿನ ಮೇಲೆ ಇಟ್ಟು ಎಲ್ಲಿ ಸಮತೂಕ ನಿಲ್ಲುತ್ತೆ ನೋಡಿ ಗುರುತು ಹಾಕ್ಕೊಳ್ಳಿ. ಆಮೇಲೆ ಬ್ಯಾಟರಿ ಹಾಕಿದ ಕಾರನ್ನ ಒಂದು ಕಬ್ಬಿಣದ ಸರಳಿನ ಮೇಲೆ ಅಡ್ಡ ಇಟ್ಟು ಅದರ ಸಮತೂಕ ಎಲ್ಲಿ ಅಂತ ನೋಡಿ. ರಟ್ಟಿನ ಗುರುತು ಕಾರಿನ ಗುರುತಿಗಿಂತ ಚೆನ್ನಾಗಿ ಹಿಂದೆ ಇರ್ಬೇಕು. ಆಗ ಪಕ್ಕದ ಗಾಳಿ ಬಡಿದ್ರೂ ಬಾಲ ತಾನೇ ನೇರ ಮಾಡ್ಕೊಳ್ಳುತ್ತೆ. ಇಲ್ಲ ಅಂದ್ರೆ ಫಿನ್ ದೊಡ್ಡದು ಮಾಡಿ, ಇಲ್ಲ ಬ್ಯಾಟರಿ ಮುಂದಕ್ಕೆ ತಳ್ಳಿ. ನಾನಾದ್ರೆ ಬ್ಯಾಟರಿನೇ ಮುಂದಕ್ಕೆ ತಳ್ತೀನಿ, ಮುಂದಿನ ಚಕ್ರಕ್ಕೂ ತೂಕ ಬೀಳುತ್ತೆ.

ಗೇರ್_ಹುಬ್ಬಳ್ಳಿ:

ಮೈಸೂರಿನವ್ರು ಗಾಳಿದ್ ಬರೋಬ್ಬರಿ ಹೇಳ್ಯಾರ, ನಾ ಟೈರಿಂದ್ ಹೇಳ್ತೀನ್ರಿ, ಯಾಕಂದ್ರ ಅದ್ನ ಯಾರೂ ಮನಸ್ಸಿಗೆ ಹಚ್ಕೊಳ್ಳಂಗಿಲ್ಲ. ಆ ಕಿಟ್ ಟೈರ್ ಮ್ಯಾಲ 160 ಓಡಿಸಬ್ಯಾಡ್ರಿ. 100 ಎಂಎಂ ಟೈರ್ 160ರಾಗ 8500 ಆರ್‌ಪಿಎಂ ತಿರಗ್ತೈತಿ, ಹೊರಗಿನ ರಬ್ಬರ್ ಮ್ಯಾಲ ಬೀಳೋ ಜಗ್ಗಾಟ 4000 ಜಿ ರೀ. ಒಂದು ಗ್ರಾಂ ರಬ್ಬರ್ 4 ಕೆಜಿ ಆಗಿ ಹೊರಗ ಜಗ್ತೈತಿ ಅಂದಂಗಾತು. ಮೆತ್ತಗಿನ ರಬ್ಬರ್ ಬಲೂನ್ ಆಗಿ ನಡುವ ಉಬ್ಬಿ, ರೋಡಿಗೆ ಹತ್ತೋದು ಬರೇ ಒಂದು ಗೆರಿ ಅಷ್ಟ. ಅಂಟು ಬಿಡ್ತು ಅಂದ್ರ ನಿಮ್ಮ ಹೊಸಾ ಬಾಡಿ ಒಳಗಿಂದ ಹರದು ಹೊರಗ ಬರ್ತೈತಿ. ಒಳಗ ಬೆಲ್ಟ್ ಇರೋ ಟೈರ್ ತಗೋರಿ, ಇಲ್ಲಾಂದ್ರ ಫೋಮ್ ಟೈರ್. ಫೋಮ್ ಆದ್ರ ರಿಮ್ಮಿಗೆ ಸೂಪರ್ ಗ್ಲೂ ಸುತ್ತೂ ಕಡೆ ಬಿಡದಂಗ ಹಚ್ಚಿ, ಲೇಥಿನಾಗ ಹಾಕಿ ನಾಕೂ ಒಂದ ಸೈಜಿಗೆ ತೀಡಿಸ್ರಿ, ಆಮ್ಯಾಲ ಒಂದೊಂದನ್ನೂ ಬ್ಯಾಲೆನ್ಸ್ ನೋಡ್ರಿ.

ಇನ್ನ ಪಿನಿಯನ್. 160ಕ್ಕ 32 ಹಲ್ಲಿನ ಪಿನಿಯನ್ ಹತ್ರತ್ರ ಬೇಕು, ಖರೆ, ಆದ್ರ 21ರಿಂದ ಒಮ್ಮೆಲೆ 32ಕ್ಕ ಜಿಗೀಬ್ಯಾಡ್ರಿ. 24, 27, 30 ಹಿಂಗ ಹೋಗ್ರಿ, ಪ್ರತಿ ರನ್ ಆದ ಕೂಡ್ಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡದು ಮೋಟಾರ್, ಇಎಸ್‌ಸಿ, ಬ್ಯಾಟರಿ ಮೂರೂ ನೋಡ್ರಿ. ಮೋಟಾರ್ 80 ಡಿಗ್ರಿ ಮುಟ್ಟಿದ್ರ ಅಲ್ಲೇ ನಿಲ್ಲಸ್ರಿ. ದೊಡ್ಡ ಪಿನಿಯನ್ ಹಾಕಿದ ಮ್ಯಾಲ ನಿಂತಲ್ಲಿಂದ ಒಮ್ಮೆಲೆ ಥ್ರಾಟಲ್ ಒತ್ತಬಾರ್ದು, ಉರುಳ್ಕೋತ ಉರುಳ್ಕೋತ ಏರಿಸ್ಬೇಕು, ಇಲ್ಲಾಂದ್ರ ಇಎಸ್‌ಸಿ ಸುಡ್ತೈತಿ. ಸೆಂಟರ್ ಡಿಫ್ (ಮುಂದಕ್ಕೂ ಹಿಂದಕ್ಕೂ ಪವರ್ ಹಂಚೋ ಗೇರ್) ಒಳಗ ಗಟ್ಟಿ ಎಣ್ಣಿ ಹಾಕ್ರಿ, ಮುಂದಿನ ಚಕ್ರ ಹಗರಾದ ಕೂಡ್ಲೆ ಪವರ್ ಎಲ್ಲಾ ಅದರ ಕಡೆಗ ಹರದು ಹೋಗೋದು ತಪ್ಪತೈತಿ. ಸ್ಟೀರಿಂಗ್ ಡ್ಯುಯಲ್ ರೇಟ್ (ಚಕ್ರ ಎಷ್ಟು ತಿರಗ್ಬೇಕು ಅನ್ನೋ ರಿಮೋಟ್ ಸೆಟ್ಟಿಂಗ್) ಕಮ್ಮಿ ಮಾಡ್ರಿ, ಗೈರೋ (ಕಾರ್ ನೇರ ಇಡೋ ಸೆನ್ಸರ್) ಇದ್ರ ಹಾಕ್ರಿ, ಆದ್ರ ಅದರ ಗೇನ್ (ತಿದ್ದೋ ಜೋರು) ಭಾಳ ಏರಿಸಿದ್ರ ಕಾರ್ ಹಾವಿನಂಗ ಹರೀತೈತಿ.

ತುಮಕೂರು_ಥ್ರಾಟಲ್:

ತುಂಬಾ ಥ್ಯಾಂಕ್ಸ್ ಇಬ್ರಿಗೂ. 8ಎಸ್ ಕೈಬಿಟ್ಟೆ, ಆ ದುಡ್ಡಲ್ಲಿ ಬೆಲ್ಟ್ ಟೈರ್ ಮತ್ತೆ ಬಾಡಿ ಸಾಮಾನು ತಗೋತೀನಿ. ರಟ್ಟು ಕತ್ತರಿಸಿ ಸರಳಿನ ಮೇಲೆ ಇಟ್ಟು ನೋಡಿದೆ, ಎರಡೂ ಗುರುತು ಹತ್ರತ್ರ ಒಂದೇ ಕಡೆ ಬರ್ತಿದೆ, ಹಾಗಾಗಿ ಬ್ಯಾಟರಿ ಟ್ರೇ ಮುಂದಕ್ಕೆ ಸರಿಸೋಕೆ ಹೊಸ ತೂತು ಹೊಡೀಬೇಕು. ಈಗ ಉಳಿದಿರೋದು ಫೈಬರ್. ಬಾಡಿ ಅಂಗಡಿಯವ್ರು ಕೊಡೋ ಮಾಮೂಲಿ ಪಾಲಿಯೆಸ್ಟರ್ ರೆಸಿನ್ ನಡೆಯುತ್ತಾ? ಕಾರ್ಬನ್ ಫೈಬರ್ ಬಟ್ಟೆ ಹಾಕಿದ್ರೆ ಇನ್ನೂ ಹಗುರ ಆಗಲ್ವಾ? ಟೆಸ್ಟ್ ಮಾಡೋಕೆ ಊರಾಚೆ ಇನ್ನೂ ಮನೆ ಏಳದ ಲೇಔಟ್ ರೋಡ್ ಇದೆ, 300 ಮೀಟರ್ ನೇರ ಸಿಗುತ್ತೆ.

ಫೈಬರ್_ಕುಡ್ಲ:

ಪಾಲಿಯೆಸ್ಟರ್ ಬೇಡವೇ ಬೇಡ ಮಾರಾಯ್ರೆ. ಅದರಲ್ಲಿ ಸ್ಟೈರೀನ್ ಉಂಟು, ಥರ್ಮಾಕೋಲ್ ಮೇಲೆ ಹಚ್ಚಿದ್ರೆ ನೋಡ್ತಾ ನೋಡ್ತಾ ಕರಗಿ ಗುಂಡಿ ಬೀಳ್ತದೆ. ಕಾರ್ ಗ್ಯಾರೇಜಿನ ಪುಟ್ಟಿ ಕೂಡ ಅದೇ ಜಾತಿ. ನಮ್ಮ ಮಲ್ಪೆ ಕಡೆ ಬೋಟಿಗೆ ಬಳಸುವುದು ಹೆಚ್ಚಾಗಿ ಪಾಲಿಯೆಸ್ಟರೇ, ಆದ್ರೆ ಅವರು ಮೌಲ್ಡ್ ಒಳಗೆ ಹಾಕುವುದು, ಥರ್ಮಾಕೋಲ್ ಮೇಲೆ ಅಲ್ಲ. ನಿಮಗೆ ಇಪಾಕ್ಸಿ ಬೇಕು.

ಥರ್ಮಾಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಎರಡೂ ಬದಿಗೆ ಪ್ಲೈವುಡ್ ಟೆಂಪ್ಲೇಟ್ ಇಟ್ಟು ಬಿಸಿ ತಂತಿಯಲ್ಲಿ ಪಕ್ಕದ ಆಕಾರ ಕೊಯ್ಯಿರಿ. ಆಮೇಲೆ ಸ್ಯಾಂಡ್ ಪೇಪರಿನಲ್ಲಿ ಉರುಟು ಮಾಡಿ. ನುಣುಪಾದ ಮೇಲೆ ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದ ಹಾಗೆ ಪೂರ್ತಿ ಸುತ್ತಿ, ಮೇಲೆ ಮೇಣದ ಪಾಲಿಶ್ ಹಚ್ಚಿ ಒರೆಸಿ, ಬಾಡಿ ಬಿಡಿಸುವಾಗ ಸಲೀಸಾಗ್ತದೆ. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಗ್ಲಾಸ್ ಬಟ್ಟೆ ಎರಡು ಪದರ ಸಾಕು, ಮೂತಿಗೆ ಮತ್ತು ಚಕ್ರದ ಮೇಲಿನ ಭಾಗಕ್ಕೆ ಮಾತ್ರ ಮೂರನೇದು. ರೆಸಿನ್ ಬಟ್ಟೆಯ ತೂಕದಷ್ಟೇ ಇರಬೇಕು, ಹೆಚ್ಚು ಸುರಿದ್ರೆ ಗಟ್ಟಿ ಆಗುವುದಿಲ್ಲ, ಭಾರ ಮಾತ್ರ ಆಗ್ತದೆ. ಹಾರ್ಡನರ್ ಅಂದಾಜಿಗೆ ಹಾಕಬೇಡಿ, ತೂಕದ ಯಂತ್ರದಲ್ಲಿ ಅಳೆದು ಹಾಕಿ, ಸ್ವಲ್ಪ ಸ್ವಲ್ಪವೇ ಕಲಸಿ. ಒಂದು ಲೋಟ ತುಂಬ ಕಲಸಿಟ್ರೆ ಅದರಷ್ಟಕ್ಕೆ ಬಿಸಿಯಾಗಿ ಲೋಟದಲ್ಲೇ ಗಟ್ಟಿಯಾಗ್ತದೆ. ಹೀಗೆ ಮಾಡಿದ್ರೆ ಬಾಡಿ 400 ಗ್ರಾಂ ಆಸುಪಾಸಿನಲ್ಲಿ ಬರ್ತದೆ. ಉಜ್ಜುವಾಗ ಮಾಸ್ಕ್, ಗ್ಲೌಸ್ ಬಿಡಬೇಡಿ, ಗ್ಲಾಸಿನ ಧೂಳು ಶ್ವಾಸಕೋಶಕ್ಕೆ ಒಳ್ಳೆದಲ್ಲ.

ಕಾರ್ಬನ್ ಈಗ ಬೇಡ. ದುಡ್ಡಿನ ಮಾತು ಬಿಡಿ, ಕಾರ್ಬನ್ ವಿದ್ಯುತ್ ಹರಿಸ್ತದೆ, 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ತಡೀತದೆ, ರಿಸೀವರ್ ಅದರ ಒಳಗೆ ಕೂತ್ರೆ ದೂರ ಹೋದ ಹಾಗೆ ಕಾರ್ ನಿಮ್ಮ ಮಾತು ಕೇಳುವುದಿಲ್ಲ. ಗ್ಲಾಸ್ ಫೈಬರಿಗೆ ಆ ಕಿರಿಕಿರಿ ಇಲ್ಲ. ಇನ್ನೊಂದು, ಮೂತಿಯ ಕೆಳ ಅಂಚನ್ನು ಬಾಡಿಯಲ್ಲೇ ಮಾಡಬೇಡಿ, ಲೆಕ್ಸಾನ್ (ಗಟ್ಟಿ ಪಾಲಿಕಾರ್ಬನೇಟ್ ಪ್ಲಾಸ್ಟಿಕ್) ಪಟ್ಟಿ ಬೋಲ್ಟ್ ಹಾಕಿ ಕೂರಿಸಿ, ಸವೆದ್ರೆ ಪಟ್ಟಿ ಮಾತ್ರ ಬದಲಾಯಿಸಿದ್ರಾಯ್ತು. ಮತ್ತೆ ಮೂತಿಯ ಒಳಗೆ ಚಾಸಿಗೂ ಬಾಡಿಗೂ ನಡುವೆ ಗಟ್ಟಿ ಫೋಮ್ ತುಂಡು ತುರುಕಿ, ಗಾಳಿ ಒತ್ತುವಾಗ ಬಾಡಿ ಬಾಗಿದ್ರೆ ನೀವು ಲೆಕ್ಕ ಹಾಕಿದ 4-5 ಎಂಎಂ ಎಲ್ಲಿ ಉಳೀತದೆ.

ಏರೋ_ಮೈಸೂರು:

300 ಮೀಟರ್ ಸಾಲಲ್ಲ. ಸೆಕೆಂಡಿಗೆ 5 ಮೀಟರ್‌ನಂತೆ ಸ್ಪೀಡ್ ಏರಿಸ್ತಾ ಹೋದ್ರೆ 160 ಮುಟ್ಟೋಕೇ 200 ಮೀಟರ್ ಹತ್ರ, ಅಷ್ಟೇ ಗಟ್ಟಿಯಾಗಿ ಬ್ರೇಕ್ ಹಾಕಿದ್ರೆ ನಿಲ್ಲೋಕೆ ಇನ್ನೊಂದು 200. ಆ ಸ್ಪೀಡಲ್ಲಿ ಬ್ರೇಕ್ ಒಮ್ಮೆಲೇ ಒತ್ತೋಕೂ ಆಗಲ್ಲ, ಕಾರ್ ಸುತ್ತುತ್ತೆ, ಹಾಗಾಗಿ 500 ಮೀಟರ್ ಆದ್ರೂ ಬೇಕು. ಲೇಔಟ್ ರೋಡಲ್ಲಿ ಬೆಳಗ್ಗೆ ವಾಕಿಂಗ್ ಬರ್ತಾರೆ, ಹಸು ಮೇಯ್ತಿರುತ್ತೆ, ಮಕ್ಕಳು ಸೈಕಲ್ ಕಲೀತಿರ್ತಾರೆ. 5 ಕೆಜಿ ಕಾರ್ ಸೆಕೆಂಡಿಗೆ 44 ಮೀಟರ್ ಹೋಗ್ತಿರುವಾಗ ಯಾರ ಕಾಲಿಗಾದ್ರೂ ಬಡಿದ್ರೆ ಮೂಳೆ ಉಳಿಯಲ್ಲ. ಗೇಟ್ ಹಾಕೋಕಾಗೋ ಜಾಗ ನೋಡಿ, ಕಾಲೇಜ್ ಕ್ಯಾಂಪಸ್ಸೋ ಫ್ಯಾಕ್ಟರಿ ಒಳಗಿನ ರೋಡೋ, ಭಾನುವಾರ ಅನುಮತಿ ಬರಹದಲ್ಲೇ ಕೇಳಿ, ಕಾರು ತೋರಿಸಿ ಏನು ಮಾಡ್ತೀರ ಅಂತ ವಿವರಿಸಿ ಹೇಳಿದ್ರೆ ಕೊಡೋರು ಇದಾರೆ. ಎರಡೂ ತುದಿಗೆ ಫೋನ್ ಹಿಡಿದು ಒಬ್ಬೊಬ್ರು ನಿಲ್ಲಲಿ, ನೋಡೋರೆಲ್ಲ ನಿಮ್ಮ ಹಿಂದೆ.

ಹೊಸ ಬಾಡಿ ಹಾಕಿದ ಮೇಲೆ ಮೊದಲು ಹಳೇ 21 ಪಿನಿಯನ್‌ನಲ್ಲೇ ಓಡಿಸಿ. ಬಾಡಿ ಮೇಲೆ ಬೆರಳುದ್ದದ ಉಲ್ಲನ್ ದಾರದ ತುಂಡು ಟೇಪಲ್ಲಿ ಅಂಟಿಸಿ, ಚಿಕ್ಕ ಕ್ಯಾಮೆರಾ ಫಿನ್‌ಗೆ ಕಟ್ಟಿ. ದಾರ ಹಿಂದಕ್ಕೆ ನೆಟ್ಟಗೆ ಮಲಗಿದ್ರೆ ಗಾಳಿ ಬಾಡಿಗೆ ಅಂಟಿಕೊಂಡು ಹೋಗ್ತಿದೆ, ಕುಣೀತಾ ಇದ್ರೆ ಅಲ್ಲಿ ಬಿಟ್ಟುಹೋಗ್ತಿದೆ ಅಂತ. 110ರಲ್ಲಿ ಮುಂದಿನ ಚಕ್ರ ರೋಡ್ ಮೇಲೇ ಇದೆ ಅಂತ ವಿಡಿಯೋದಲ್ಲಿ ಖಾತ್ರಿ ಆಗೋ ತನಕ 24ರ ಪಿನಿಯನ್ ಪ್ಯಾಕೆಟ್ ಒಡೀಬೇಡಿ.

ಗೇರ್_ಹುಬ್ಬಳ್ಳಿ:

ಒಂದು ಉಳೀತು. ಫೇಲ್‌ಸೇಫ್ ಸೆಟ್ ಮಾಡೀರೇನ್ರಿ? ಸಿಗ್ನಲ್ ಹೋದ್ರ ಥ್ರಾಟಲ್ ಬಿಟ್ಟು ಹಗೂರಕ ಬ್ರೇಕ್ ಹಿಡಿಯೋ ಹಂಗ ಇಡ್ರಿ, ಸ್ಟೀರಿಂಗ್ ನಡುವ. ಕಾರ್ ಡಬ್ಬಿ ಮ್ಯಾಲ ಇಟ್ಟು, ಚಕ್ರ ನಾಕೂ ಗಾಳ್ಯಾಗ ಇರೂ ಹಂಗ, ಸ್ವಲ್ಪ ಥ್ರಾಟಲ್ ಕೊಟ್ಟು ರಿಮೋಟ್ ಆಫ್ ಮಾಡ್ರಿ. ಚಕ್ರ ನಿಲ್ಲಬೇಕು. ಬ್ಯಾಟರಿ ಬದಲಿಸಿದಾಗೊಮ್ಮೆ ಇದನ್ನ ಮಾಡಿ ನೋಡೇ ರೋಡಿಗಿಳಸ್ರಿ.