‘ಲೋ ಕಾರ್ಬನ್ ಹೀಟ್’ ಅಂದರೆ ಕೆಂಡ ಕಡಿಮೆಯಾದ ಬಿಸಿಯೇ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯಲ್ಲಿ ಮಳೆ ಹಿಡಿದು ಕೂತಿದೆ. ಸುಮ್ನೆ ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಒಂದು ಅನುವಾದ ಒಪ್ಪಿಕೊಂಡಿದ್ದೇನೆ. ವಿಷಯ ಇಂಗ್ಲೆಂಡಿನದು. ಅಲ್ಲಿನ ಶಾಲೆ, ಆಸ್ಪತ್ರೆ, ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಕಟ್ಟಡಗಳಲ್ಲಿ ಒಳಗೆ ಬೆಚ್ಚಗಿಡುವ ಹಳೆಯ ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ ಕೂರಿಸೋದಕ್ಕೆ, ಸೋಲಾರ್ ಹಾಕಿಸೋದಕ್ಕೆ ಸರ್ಕಾರ 2020ರಲ್ಲಿ 100 ಕೋಟಿ ಪೌಂಡಿನ ಯೋಜನೆ ತಂದಿತು.

ಮೊದಲ ಸಾಲಿನಲ್ಲೇ ಎಡವಿದೆ. ‘ಲೋ ಕಾರ್ಬನ್ ಹೀಟ್’ ಅನ್ನೋದನ್ನು ‘ಕಡಿಮೆ ಇಂಗಾಲದ ಶಾಖ’ ಎಂದು ಬರೆದು ಅಮ್ಮನಿಗೆ ಓದಿದೆ. ಶಾಖ ಅಂದರೆ ಅವರಿಗೆ ಮಂಡಿನೋವಿಗೆ ಕೊಡೋದು. “ಇಂಗಾಲ ಅಂದ್ರೆ ಇದ್ದಿಲು ತಾನೇ? ಅದು ಕಡಿಮೆಯಾದ್ರೆ ನೀರು ಹೆಂಗೆ ಕಾಯುತ್ತೆ?” ಎಂದರು. ನಮ್ಮ ಬಚ್ಚಲ ಹಂಡೆಗೆ ಈಗಲೂ ತೋಟದ ಸೌದೆಯೇ!

ನಗು ಬಂತು. ಆದರೆ ಅಮ್ಮ ಹೇಳಿದ್ದು ತಪ್ಪಲ್ಲ. ಹಳಗನ್ನಡದ ‘ಇಂಗಳ’ ಅಂದರೆ ಕೆಂಡವೇ, ಸಂಸ್ಕೃತದ ‘ಅಂಗಾರ’ದ ತದ್ಭವ. ತೊಂದರೆ ಇನ್ನೊಂದು ಕಡೆ ಇದೆ. ಇಲ್ಲಿ ‘ಕಾರ್ಬನ್’ ಅಂದರೆ ಹೊಗೆಯ ಜೊತೆ ಹೋಗುವ ಇಂಗಾಲದ ಡೈಆಕ್ಸೈಡ್. ‘ಇಂಗಾಲದ ಶಾಖ’ ಅಂದಾಗ ಬಿಸಿಯೊಳಗೇ ಇಂಗಾಲ ಇದ್ದ ಹಾಗಾಯಿತು, ಅಲ್ವಾ? ‘ಇಂಗಾಲ ಕಡಿಮೆ ಉಗುಳುವ ಬಿಸಿ’ ಎಂದು ತಿದ್ದಿದ್ದೇನೆ. ಉದ್ದವಾಯಿತು, ಅರ್ಥವಂತೂ ಆಗುತ್ತದೆ.

‘ಹೀಟ್ ಪಂಪ್’ ಇನ್ನೂ ಸ್ವಾರಸ್ಯದ್ದು. ಅದು ಬಿಸಿಯನ್ನು ಹುಟ್ಟಿಸುವುದಿಲ್ಲ. ಫ್ರಿಜ್ ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದಲ್ಲ, ಇದು ಹೊರಗಿನ ತಣ್ಣನೆ ಗಾಳಿಯಲ್ಲೂ ಇರುವ ಬಿಸಿಯನ್ನು ಒಳಗೆ ತರುತ್ತದೆ. ಅದಕ್ಕೇ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಬಿಸಿ ಸಿಗುತ್ತದೆ. ಬಾವಿಯ ಪಂಪ್ ನೀರನ್ನು ಹುಟ್ಟಿಸುತ್ತದೆಯೇ? ಎತ್ತಿ ಕೊಡುತ್ತದೆ, ಅಷ್ಟೇ. ಹಾಗಾಗಿ ‘ಶಾಖೋತ್ಪಾದಕ’ ಖಂಡಿತ ತಪ್ಪು. ‘ಕಾವೆತ್ತುಕ’ ಅನ್ನಬಹುದೇನೋ. ಆದರೆ ಕಾವು ಅಂದರೆ ನನ್ನ ಕಣ್ಣಿಗೆ ಮೊಟ್ಟೆ ಮೇಲೆ ಕೂತ ಕೋಳಿಯೇ ಬರುತ್ತದೆ! ‘ಬಿಸಿ ಎತ್ತುವ ಪಂಪ್’ ನನಗೆ ಜಾಸ್ತಿ ಇಷ್ಟ.

ಹಣದ ವಿಷಯದಲ್ಲಿ ‘ಗ್ರ್ಯಾಂಟ್’ಗೆ ‘ಸಹಾಯಧನ’ ಬೇಡ ಅನ್ನಿಸಿತು. ಮನೆ ಛಾವಣಿಗೆ ಸೋಲಾರ್ ಹಾಕಿಸುವ ನಮ್ಮ ಕೇಂದ್ರ ಸರ್ಕಾರದ ಸೂರ್ಯ ಘರ್ ಯೋಜನೆಯಲ್ಲಿ ಮನೆಯವರಿಗೆ ಸಿಗುವ 78,000 ರೂಪಾಯಿವರೆಗಿನ ಸಬ್ಸಿಡಿಗೆ ಅದು ಸರಿ. ಇಂಗ್ಲೆಂಡಿನಲ್ಲಿ ಸರ್ಕಾರ ಕೊಟ್ಟದ್ದು ಶಾಲೆ, ಆಸ್ಪತ್ರೆ, ಕೌನ್ಸಿಲ್‌ನಂಥ ಸಂಸ್ಥೆಗಳಿಗೆ, ಹಾಗಾಗಿ ‘ಅನುದಾನ’. ಆ ಹಣ ಹಂಚಿದ ಸ್ಯಾಲಿಕ್ಸ್ ಸಂಸ್ಥೆ ಮೊದಲೆಲ್ಲ ಬಡ್ಡಿಯಿಲ್ಲದ ಸಾಲ ಕೊಡುತ್ತಿತ್ತು, ಅದನ್ನು ಮಾತ್ರ ‘ಸಾಲ’ ಎಂದೇ ಬಿಟ್ಟಿದ್ದೇನೆ.

ಉಳಿದದ್ದು ‘ಪಬ್ಲಿಕ್ ಬಿಲ್ಡಿಂಗ್’. ‘ಸಾರ್ವಜನಿಕ’ ಅಂದ ಕೂಡಲೇ ಬಸ್ ಸ್ಟ್ಯಾಂಡಿನ ಶೌಚಾಲಯ ನೆನಪಾಗುತ್ತದೆ, ಏನು ಮಾಡಲಿ? ‘ಸರ್ಕಾರಿ ಕಟ್ಟಡ’ ಅಂದರೆ ಕೌನ್ಸಿಲ್‌ನವೂ ಅದರಲ್ಲಿ ಬರುತ್ತವೆಯೇ? ನಿಮ್ಮ ಕಡೆ ಏನಂತೀರಿ?