ಮೂರು ಬೇಜ್ ಬಣ್ಣ, ಒಂದು ರೂಮು: ಹೊಡೆಸಿದವರು ಸ್ವಲ್ಪ ಹೇಳಿ

ಮಲಗುವ ರೂಮಿಗೆ ಬೇಜ್ ಬಣ್ಣ (ತಿಳಿ ಕಂದು) ಅಂತ ತೀರ್ಮಾನ ಆಗಿ ಎರಡು ವಾರ ಆಯ್ತು. ಯಾವ ಬೇಜ್ ಅನ್ನೋದು ಮಾತ್ರ ಇನ್ನೂ ಆಗಿಲ್ಲ. ಶೇಡ್ ಕಾರ್ಡಿನಲ್ಲಿ ಮೂರನ್ನು ಗುರುತು ಹಾಕಿಕೊಂಡಿದ್ದೇನೆ. ಅಂಗಡಿಯಲ್ಲಿ ಮೂರೂ ಒಂದೇ ಥರ ಕಂಡವು. ಮನೆಗೆ ತಂದು ನೋಡಿದರೆ ಬೆಳಿಗ್ಗೆ ಒಂದು ಚೆನ್ನಾಗಿದೆ ಅನ್ನಿಸುತ್ತದೆ, ರಾತ್ರಿ ಇನ್ನೊಂದು. ರೂಮಿಗೆ ಒಂದೇ ಕಿಟಕಿ, ಅದರ ಎದುರಿಗೇ ದೊಡ್ಡ ಮರ. ನೆಲಕ್ಕೆ ಕೆಂಪು ಮಿಶ್ರಿತ ಕಂದು ಟೈಲ್ಸ್. ಈಗಿನ ಗೋಡೆ ತಿಳಿ ನೀಲಿ. ಮನೆಯವರೆಲ್ಲ "ಮೂರೂ ಒಂದೇ ಅಲ್ವಾ, ಯಾವುದೋ ಒಂದು ಹೊಡೆಸು" ಅನ್ನುತ್ತಿದ್ದಾರೆ. ನಿಜವಾಗಿಯೂ ಒಂದೇನಾ?

*

ಒಂದೇ ಅಲ್ಲ. ನಾನೂ ಹಾಗೇ ಅಂದುಕೊಂಡು ಕಣ್ಣುಮುಚ್ಚಿ ಒಂದನ್ನು ಆರಿಸಿದ್ದೆ. ನಾಲ್ಕೂ ಗೋಡೆಗೆ ಎರಡು ಕೋಟ್ ಮುಗಿದು ಸಂಜೆ ದೀಪ ಹಾಕಿದರೆ ಇಡೀ ರೂಮು ಗಾಯಕ್ಕೆ ಅಂಟಿಸುವ ಪಟ್ಟಿಯ ಬಣ್ಣ! ಮೂರು ವರ್ಷ ಅದರೊಳಗೇ ಮಲಗಿದೆ.

ಆಮೇಲೆ ಗೊತ್ತಾಗಿದ್ದು ಇಷ್ಟು. ಬೇಜ್ ಅನ್ನುವುದನ್ನು ಸಾಮಾನ್ಯವಾಗಿ ಬಿಳಿ ಬೇಸ್ ಪೇಂಟಿಗೆ ಚೂರು ಹಳದಿ, ಚೂರು ಕೆಂಪು, ಚೂರು ಕಪ್ಪು ಬಿಟ್ಟು ಮಾಡುತ್ತಾರೆ. ಕೆಂಪು ಒಂದು ಹನಿ ಜಾಸ್ತಿಯಾದರೆ ಗುಲಾಬಿಗೆ ವಾಲುತ್ತದೆ. ಹಳದಿಯೂ ಕಪ್ಪೂ ಸೇರಿ ಮೇಲುಗೈಯಾದರೆ ಹಸಿರಿಗೆ ಹೋಗುತ್ತದೆ, ಇದು ಯಾರಿಗೂ ಹೊಳೆಯುವುದೇ ಇಲ್ಲ. ಶೇಡ್ ಕಾರ್ಡಿನ ಬೆರಳಗಲದ ಚೀಟಿಯಲ್ಲಿ ಅದು ಕಾಣುವುದಿಲ್ಲ. ನಾಲ್ಕು ಗೋಡೆಗೆ ಬಳಿದಾಗ ಒಂದರ ಬೆಳಕು ಇನ್ನೊಂದರ ಮೇಲೆ ಬಿದ್ದು, ಆ ಒಂದು ಹನಿ ಇಡೀ ರೂಮಿಗೆ ಹರಡಿಕೊಳ್ಳುತ್ತದೆ. ಮೂಲೆಗಳಲ್ಲಂತೂ ಇನ್ನೂ ಗಾಢ. ಹಾಗಾಗಿ ಎರಡರ ಮಧ್ಯೆ ಸಿಕ್ಕಿಹಾಕಿಕೊಂಡರೆ ಚೂರು ತಿಳಿಯಾದದ್ದನ್ನೇ ತೆಗೆದುಕೊಳ್ಳಿ ಅಂತ ನನ್ನ ಅಭಿಪ್ರಾಯ.

*

ಸುಲಭದ ಉಪಾಯ: ಮೂರು ಚೀಟಿಯನ್ನೂ ಅಚ್ಚ ಬಿಳಿ ಹಾಳೆಯ ಮೇಲೆ ಅಕ್ಕಪಕ್ಕ ಇಡಿ. ಯಾವುದು ಯಾವ ಕಡೆ ವಾಲುತ್ತದೆ ಅಂತ ಅರೆ ನಿಮಿಷದಲ್ಲಿ ತಿಳಿಯುತ್ತದೆ. ಆಗಲೂ ಗೊತ್ತಾಗದಿದ್ದರೆ ಶೇಡ್ ಕಾರ್ಡಿನ ಅದೇ ಸಾಲಿನ ಕೊನೆಯಲ್ಲಿರುವ ಕಡು ಬಣ್ಣ ನೋಡಿ, ಅಲ್ಲಿ ಗುಟ್ಟು ಬಯಲಾಗಿರುತ್ತದೆ. ಫೋನಲ್ಲಿ ಫೋಟೋ ತೆಗೆದು ಹೋಲಿಸಬೇಡಿ, ಕ್ಯಾಮೆರಾ ತನಗೆ ಬೇಕಾದ ಹಾಗೆ ಬಣ್ಣ ತಿದ್ದಿಬಿಡುತ್ತದೆ.

*

ದಯವಿಟ್ಟು ಸ್ಯಾಂಪಲ್ ಅನ್ನು ನೇರವಾಗಿ ಆ ನೀಲಿ ಗೋಡೆಗೇ ಬಳಿಯಬೇಡಿ. ನೀಲಿಯ ಪಕ್ಕ ಯಾವ ಬೇಜ್ ಇಟ್ಟರೂ ಹಳದಿ, ಕಿತ್ತಳೆ ಕಡೆಗೆ ಎದ್ದು ಕಾಣುತ್ತದೆ. ಇದು ಹಳೇ ಕಥೆ. ಪ್ಯಾರಿಸ್‌ನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ದಾರಕ್ಕೆ ಕಪ್ಪೇ ಸಾಲದು ಅಂತ ದೂರು ಬಂದಿತ್ತು. ಅಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರಲ್ ಹುಡುಕಿ ನೋಡಿದರೆ ತಪ್ಪು ಬಣ್ಣದ್ದಲ್ಲ, ಪಕ್ಕದಲ್ಲಿ ನೇಯ್ದ ದಾರದ್ದು. 1839ರಲ್ಲೇ ಆತ ಇದನ್ನೆಲ್ಲ ಬರೆದು ಪ್ರಕಟಿಸಿದ. ನಾವು ಇನ್ನೂ ಹಳೇ ಗೋಡೆಯ ಮೇಲೆ ನಾಲ್ಕು ಗೆರೆ ಎಳೆದು ಬಣ್ಣ ಆರಿಸುತ್ತಿದ್ದೇವೆ.

ನಾನು ಮಾಡಿದ್ದು: ಎರಡಡಿ ಅಗಲ, ಎರಡಡಿ ಉದ್ದದ ಬಿಳಿ ರಟ್ಟು, ಒಂದೊಂದಕ್ಕೆ ಒಂದೊಂದು ಬಣ್ಣ, ಎರಡೆರಡು ಕೋಟ್, ಸುತ್ತ ಮೂರು ಬೆರಳು ಬಿಳಿ ಅಂಚು. ಒಂದು ರಾತ್ರಿ ಒಣಗಲು ಬಿಡಿ, ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ಚೂರು ಕಡುವಾಗುತ್ತದೆ. ರಟ್ಟನ್ನು ಮಲಗಿಸಿ ನೋಡಬೇಡಿ, ಗೋಡೆಗೆ ಆನಿಸಿ ನಿಲ್ಲಿಸಿ. ಕಿಟಕಿಯ ಪಕ್ಕ, ಕಿಟಕಿ ಇರುವ ಗೋಡೆಯಲ್ಲೇ, ಮಂಚದ ಹಿಂದಿನ ಕತ್ತಲ ಮೂಲೆಯಲ್ಲಿ, ಆಮೇಲೆ ಟೈಲ್ಸಿಗೆ ತಾಗುವ ಹಾಗೆ. ನಿಮ್ಮಲ್ಲಿ ಮರದ ಎಲೆಗೆ ತಾಗಿ ಬರುವ ಬೆಳಕು ಹಸಿರು, ನೆಲದಿಂದ ಏಳುವ ಬೆಳಕು ಕೆಂಪು. ಒಂದೇ ರಟ್ಟು ಮೇಲೊಂದು ಥರ, ಕೆಳಗೊಂದು ಥರ ಕಂಡರೆ ಆಶ್ಚರ್ಯ ಪಡಬೇಡಿ.

*

ಬಲ್ಬಿನ ಮಾತು ಯಾರೂ ಎತ್ತಲಿಲ್ಲವಲ್ಲ? ಮಲಗುವ ರೂಮು ಅಂದರೆ ನೀವು ಅದನ್ನು ಜಾಸ್ತಿ ನೋಡುವುದೇ ರಾತ್ರಿ. ಬಲ್ಬಿನ ಡಬ್ಬಿಯ ಮೇಲೆ 2700 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತಿದ್ದರೆ ಹಳದಿ ಬೆಳಕು, 6500 ಕೆ ಅಂದರೆ ನೀಲಿ ಬೆರೆತ ಬಿಳಿ. ಮೊದಲನೆಯದರಲ್ಲಿ ಹಳದಿ ಬೇಜ್ ಇನ್ನೂ ಹಳದಿ. ಎರಡನೆಯದರಲ್ಲಿ ಬೂದು ಬೇಜ್ ಸುಮ್ನೆ ಸಿಮೆಂಟು. ನಾನು 4000ಕ್ಕೆ ಬಂದೆ, ಬಣ್ಣ ಬದಲಿಸುವುದು ತಪ್ಪಿತು. ಸಿಆರ್‌ಐ (ಆ ಬೆಳಕಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಅನ್ನುವ ಅಂಕ) 90 ಅಥವಾ ಅದಕ್ಕಿಂತ ಜಾಸ್ತಿ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು, ಬಣ್ಣಗಳು ಸರಿಯಾಗಿ ಕಾಣುತ್ತವೆ. ಮೊದಲು ಬಲ್ಬ್ ಯಾವುದು ಅಂತ ನಿರ್ಧರಿಸಿ, ಆಮೇಲೆ ಬಣ್ಣ.

*

ನಾನು ಪೇಂಟಿಂಗ್ ಕೆಲಸ ಮಾಡುವವನು. ಮೇಲೆ ಹೇಳಿದ್ದೆಲ್ಲ ಸರಿ, ಆದರೆ ಜನ ಎಡವುವುದು ಬಣ್ಣ ಆರಿಸಿದ ಮೇಲೆ. ಒಂದು ಕಂಪನಿಯ ಶೇಡನ್ನು ಇನ್ನೊಂದು ಕಂಪನಿಯ ಬೇಸಿನಲ್ಲಿ ಮಾಡಿಸುತ್ತಾರೆ. ಅಂಗಡಿ ಬೆಳಕಲ್ಲಿ ಎರಡೂ ಒಂದೇ ಕಾಣಬಹುದು, ಮನೆಯ ಬೆಳಕಲ್ಲಿ ಬೇರೆಯಾದೀತು. ಹಾಗೆಯೇ ಸ್ಯಾಂಪಲ್ ಮ್ಯಾಟ್‌ನಲ್ಲಿ ನೋಡಿ ಗೋಡೆಗೆ ಹೊಳಪಿನದು ತಂದರೆ ಅದು ಬೇರೆ ಬಣ್ಣದ ಹಾಗೇ ಕಾಣುತ್ತದೆ. ಎರಡು ಡಬ್ಬ ತಂದಿದ್ದರೆ ದೊಡ್ಡ ಬಕೆಟ್ಟಿಗೆ ಎರಡನ್ನೂ ಸುರಿದು ಕಲಸಿಬಿಡಿ, ಇಲ್ಲದಿದ್ದರೆ ಗೋಡೆಯ ಮಧ್ಯದಲ್ಲಿ ಡಬ್ಬ ಬದಲಾದ ಜಾಗ ಗೆರೆಯಾಗಿ ಎದ್ದು ಕಾಣಬಹುದು. ನೀಲಿಯ ಮೇಲೆ ಮೊದಲು ಪ್ರೈಮರ್ ಇರಲಿ. ಮತ್ತೆ ಶೇಡ್ ನಂಬರನ್ನು ಮುಚ್ಚಳದ ಮೇಲೆ ಬರೆದಿಡಿ. ನಾಳೆ ಮೊಳೆ ತೂತು ಮುಚ್ಚುವಾಗ "ಅದೇ ಬೇಜ್ ಕೊಡಿ" ಅಂದರೆ ಯಾವ ಅಂಗಡಿಯವನಿಗೂ ಅರ್ಥವಾಗುವುದಿಲ್ಲ.

*

ಎಲ್ಲರಿಗೂ ಥ್ಯಾಂಕ್ಸ್, ಕೇಳಿದ್ದು ನಾನೇ. ರಟ್ಟು ಬಳಿದು ಎರಡು ದಿನ ಇಟ್ಟು ನೋಡಿದೆ. ನನಗೆ ತುಂಬಾ ಇಷ್ಟವಾಗಿದ್ದ ಮೊದಲನೆಯದು ಟೈಲ್ಸ್ ಪಕ್ಕ ಇಡುತ್ತಿದ್ದಂತೆ ಗುಲಾಬಿ, ಆ ಗಾಯದ ಪಟ್ಟಿ ನೆನಪಾಗಿ ನಗು ಬಂತು. ಎರಡನೆಯದು ಬೆಳಿಗ್ಗೆ ಮರದ ಬೆಳಕಿಗೆ ಪಾಚಿ ಕಟ್ಟಿದ ಹಾಗಿತ್ತು. ಮೂರನೆಯದನ್ನು ನಾನು ಸಪ್ಪೆ ಅಂತ ಪಕ್ಕಕ್ಕಿಟ್ಟಿದ್ದೆ, ಅದೊಂದೇ ಎಲ್ಲ ಮೂಲೆಯಲ್ಲೂ ಬೇಜ್ ಆಗಿಯೇ ಉಳಿಯಿತು. ಮೂರೂ ಒಂದೇ ಅಂದವರು ಈಗ ರೂಮಿನ ಮುಂದೆ ಹೋಗುವಾಗಲೆಲ್ಲ ನಿಂತು, ಆ ಗುಲಾಬಿಯದು ಮಾತ್ರ ಬೇಡ ಅನ್ನುತ್ತಿದ್ದಾರೆ. ನಾಳೆ ಬಲ್ಬ್ ಬದಲಾಯಿಸಿ ಇನ್ನೊಂದು ರಾತ್ರಿ ನೋಡಿ ಆಮೇಲೆ ಡಬ್ಬ ತರುತ್ತೇನೆ.