ಬಿಸ್‌ಪೈರಿಬ್ಯಾಕ್ ಸಿಂಪಡಿಸಿದರೂ ಒಂದು ಹುಲ್ಲು ಮಾತ್ರ ಸಾಯುತ್ತಿಲ್ಲ, ಇದು ನಿರೋಧಕತೆಯೇ?

ಪ್ರಶ್ನೆ (ಕುಣಿಗಲ್ ತಾಲ್ಲೂಕು):
ಮಾರ್ಕೋನಹಳ್ಳಿ ಅಚ್ಚುಕಟ್ಟಿನಲ್ಲಿ ನಮ್ಮದು ನಾಟಿ ಭತ್ತ. ಕಳೆ ಕೀಳಲು ಆಳುಗಳು ಸಿಗದ ಕಾರಣ ಕೆಲವು ವರ್ಷಗಳಿಂದ ನಾಟಿಯಾದ 25 ದಿನಕ್ಕೆ ಎಕರೆಗೆ 80 ಮಿ.ಲೀ. ಬಿಸ್‌ಪೈರಿಬ್ಯಾಕ್ ಸೋಡಿಯಂ ಎಂಬ ಕಳೆನಾಶಕ ಒಂದನ್ನೇ ಸಿಂಪಡಿಸುತ್ತ ಬಂದಿದ್ದೇವೆ. ಈಗಲೂ ಜೇಕು ಮತ್ತು ಅಗಲ ಎಲೆಯ ಕಳೆಗಳು ಹಳದಿಯಾಗಿ ಸಾಯುತ್ತವೆ. ತೆಳ್ಳನೆಯ ಒಂದು ಹುಲ್ಲು ಮಾತ್ರ ಏನೂ ಆಗದಂತೆ ಮೇಲೆದ್ದು, ಭತ್ತಕ್ಕಿಂತ ಮೊದಲೇ ತೆನೆ ಹಾಯಿಸುತ್ತದೆ. ಅಂಗಡಿಯಲ್ಲಿ ಕೇಳಿದರೆ ಪ್ರಮಾಣವನ್ನು ಇಮ್ಮಡಿ ಮಾಡಿ ಎನ್ನುತ್ತಾರೆ, ಇಲ್ಲವೇ ಬೇರೆ ಕಂಪನಿಯ ಬಾಟಲಿ ಕೈಗಿಡುತ್ತಾರೆ. ಯಾವುದು ಸರಿ?

ಉತ್ತರ 1 (ತುಮಕೂರು):
ಎರಡೂ ಸರಿಯಲ್ಲ. ಮೊದಲು ಆ ಹುಲ್ಲು ಯಾವುದೆಂದು ಗುರುತಿಸಿಕೊಳ್ಳಿ. ಒಂದು ಗಿಡ ಕಿತ್ತು, ಎಲೆಯನ್ನು ಕಾಂಡದಿಂದ ಹಿಂದಕ್ಕೆ ಬಾಗಿಸಿ ಅವು ಸೇರುವ ಜಾಗವನ್ನು ನೋಡಿ. ಅಲ್ಲಿ ಪೊರೆಯೇ ಇಲ್ಲದೆ ನುಣುಪಾಗಿದ್ದರೆ ಅದು ಕಾಡುಹಾರಕ. ಬುಡ ಸಾಮಾನ್ಯವಾಗಿ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಅಂಚು ಹರಿದಂತಿರುವ ಪುಟ್ಟ ಪೊರೆಯಿದ್ದು, ತೆನೆಯು ಕೆಂಪು ಛಾಯೆಯ ನವಿರಾದ ಕಡ್ಡಿಗಳಾಗಿ ಹರಡಿದ್ದರೆ ಅದು ಬಹುಶಃ ಲೆಪ್ಟೋಕ್ಲೋವಾ. ಬಿಸ್‌ಪೈರಿಬ್ಯಾಕ್‌ಗೆ ಈ ಹುಲ್ಲು ಮೊದಲಿನಿಂದಲೂ ಸರಿಯಾಗಿ ಬಗ್ಗುವುದಿಲ್ಲ. ಉಳಿದ ಕಳೆಗಳನ್ನು ನೀವು ಪ್ರತಿ ವರ್ಷ ಕೊಂದು ಜಾಗ ತೆರವು ಮಾಡಿಕೊಟ್ಟಿದ್ದರಿಂದ ಅದು ಹಬ್ಬಿದೆ, ಅಷ್ಟೆ. ಮೊದಲು ಸಾಯುತ್ತಿದ್ದ ಕಳೆ ಅದೇ ಔಷಧಿಗೆ ಸಾಯದಂತಾಗುವುದು ನಿರೋಧಕತೆ, ಇದನ್ನು ಹಾಗೆನ್ನಲಾಗದು. ಅದಕ್ಕೆ ಸೈಹಾಲೋಫಾಪ್ ಬ್ಯುಟೈಲ್ ಕೆಲಸ ಮಾಡುತ್ತದೆ. ಆದರೆ ಅದು ಹುಲ್ಲಿನ ಜಾತಿಯನ್ನು ಮಾತ್ರ ಕೊಲ್ಲುವುದರಿಂದ, ಒಂದೇ ಸಲಕ್ಕೆ ಮುಗಿಸೋಣವೆಂದು ಅಗಲ ಎಲೆಯ ಕಳೆ ಕೊಲ್ಲುವ 2,4-ಡಿ ಜೊತೆ ಒಂದೇ ಟ್ಯಾಂಕಿನಲ್ಲಿ ಬೆರೆಸಲು ಹೋಗಬೇಡಿ, ಹುಲ್ಲಿನ ಮೇಲಿನ ಅದರ ಪರಿಣಾಮ ಕುಗ್ಗುತ್ತದೆ.

ಕಾಡುಹಾರಕವೇ ಆಗಿದ್ದು, ಒಂದೇ ವಯಸ್ಸಿನ ಸತ್ತ ಗಿಡವೂ ಬದುಕಿದ ಗಿಡವೂ ಅಕ್ಕಪಕ್ಕದಲ್ಲೇ ಕಂಡರೆ ಮಾತ್ರ ನಿರೋಧಕತೆಯ ಅನುಮಾನಕ್ಕೆ ಕಾರಣವಿದೆ. ಆಗ ಬಾಟಲಿಯ ಮೇಲಿನ ಹೆಸರಲ್ಲ, ತಾಂತ್ರಿಕ ಹೆಸರನ್ನು ಓದಬೇಕು: ಬಿಸ್‌ಪೈರಿಬ್ಯಾಕ್, ಪೈರಜೋಸಲ್ಫ್ಯುರಾನ್, ಬೆನ್‌ಸಲ್ಫ್ಯುರಾನ್, ಪೆನಾಕ್ಸುಲಾಮ್ ಇವೆಲ್ಲವೂ ಕಳೆಯ ಎ.ಎಲ್.ಎಸ್. ಎಂಬ ಒಂದೇ ಕಿಣ್ವವನ್ನು ತಡೆಯುವ ಗುಂಪಿನವು. ಆ ಕಿಣ್ವವೇ ಬದಲಾಗಿ ಬದುಕಿದ ಗಿಡಕ್ಕೆ ಈ ಗುಂಪಿನ ಇನ್ನೊಂದು ಔಷಧಿಯೂ ಹಲವು ಸಲ ನಾಟುವುದಿಲ್ಲ. ಪಂಜಾಬ್, ಹರಿಯಾಣದ ಗೋಧಿ ಹೊಲಗಳಲ್ಲಿ ಐಸೋಪ್ರೊಟ್ಯುರಾನ್ ಎಂಬ ಕಳೆನಾಶಕ ಒಂದನ್ನೇ ವರ್ಷಗಟ್ಟಲೆ ನೆಚ್ಚಿಕೊಂಡ ಮೇಲೆ, 1990ರ ದಶಕದ ಆರಂಭಕ್ಕೆ ಫಲಾರಿಸ್ ಎಂಬ ಹುಲ್ಲು ಅದಕ್ಕೆ ಜಗ್ಗದಂತಾಯಿತು.

ಉತ್ತರ 2 (ಗೌರಿಬಿದನೂರು):
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಬಿಸ್‌ಪೈರಿಬ್ಯಾಕ್‌ಗೆ ಕಳೆ ಎರಡರಿಂದ ನಾಲ್ಕು ಎಲೆಯ ಹಂತದಲ್ಲಿರಬೇಕು. 25 ದಿನಕ್ಕೆ ಕಾಡುಹಾರಕ ತೆಂಡೆ ಒಡೆದಿದ್ದರೆ ಔಷಧಿಯನ್ನು ದೂರಿ ಪ್ರಯೋಜನವಿಲ್ಲ. ಗದ್ದೆಯ ನೀರು ಬಸಿದು ಕಳೆಯ ಎಲೆಗಳು ಹೊರಗೆ ಕಾಣುವಂತಾದ ಮೇಲೆ ಸಿಂಪಡಿಸಿ, ಎರಡು ದಿನದೊಳಗೆ ಮತ್ತೆ ನೀರು ಕಟ್ಟಬೇಕು.

ಪ್ರಶ್ನೆ ಕೇಳಿದವರು:
ಪೊರೆ ಇದೆ, ತೆನೆ ಕೆಂಪಗೆ ನವಿರಾಗಿದೆ. ಗದ್ದೆಯ ತಗ್ಗಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ನೀರು ನಿಲ್ಲದ ಎತ್ತರದ ಕಡೆ ದಟ್ಟವಾಗಿದೆ.

ಉತ್ತರ 1 (ತುಮಕೂರು):
ಹಾಗಿದ್ದರೆ ಅದು ಲೆಪ್ಟೋಕ್ಲೋವಾ ಎನ್ನಲು ಅಡ್ಡಿಯಿಲ್ಲ. ನಿಂತ ನೀರಿನಡಿ ಅದರ ಬೀಜ ಸುಲಭವಾಗಿ ಮೊಳೆಯುವುದಿಲ್ಲ. ಈ ಬೆಳೆಗೆ, ಬೀಜ ಉದುರುವ ಮೊದಲೇ ತೆನೆಗಳನ್ನು ಕೊಯ್ದು ಗದ್ದೆಯಿಂದಾಚೆ ಹಾಕಿಸಿ, ಬದುವಿನ ಮೇಲೆ ಗುಡ್ಡೆ ಹಾಕಬೇಡಿ. ಮುಂದಿನ ಬೆಳೆಗೆ ಕೆಸರು ಮಾಡುವಾಗ ಆ ಎತ್ತರವನ್ನು ಮಟ್ಟ ಮಾಡಿಸಿ, ನಾಟಿಯಾದ ಮೂರು ದಿನದೊಳಗೆ ತೆಳುವಾಗಿ ನೀರು ನಿಲ್ಲಿಸಿ ಕಳೆ ಮೊಳೆಯುವಾಗಲೇ ತಡೆಯುವ ಬ್ಯುಟಾಕ್ಲೋರ್ ಅಥವಾ ಪ್ರೆಟಿಲಾಕ್ಲೋರನ್ನು ಮರಳಿನಲ್ಲಿ ಬೆರೆಸಿ ಎರಚಿ, ಇವು ಎ.ಎಲ್.ಎಸ್. ಗುಂಪಿಗೆ ಸೇರಿದವಲ್ಲ. ಅದರ ಮೇಲೂ ಉಳಿದ ಹುಲ್ಲಿಗಷ್ಟೇ ಸೈಹಾಲೋಫಾಪ್ ಸಾಕು, ಬಿಸ್‌ಪೈರಿಬ್ಯಾಕ್‌ಗೆ ಒಂದು ವರ್ಷ ಬಿಡುವು ಕೊಡಿ. ಸಾಲು ನಾಟಿ ಸಾಧ್ಯವಾದರೆ ಸಾಲುಗಳ ನಡುವೆ ಕೋನೋವೀಡರ್ ಎಂಬ ಕಳೆ ತೆಗೆಯುವ ಕೈಸಾಧನವನ್ನು ಉರುಳಿಸುವುದು ಇನ್ನೂ ಒಳ್ಳೆಯದು, ಆದರೆ ಅದಕ್ಕೂ ಆಳು ಬೇಕು ಎಂಬುದು ನಿಮಗೇ ಗೊತ್ತು.